ವಿಧಾನಸೌಧದ ದರ್ಶನವೂ ನಮ್ಮ ಮಕ್ಕಳೂ

2025ನೆಯ ಇಸವಿ ಜೂನ್ 1ನೆಯ ತಾರೀಕಿನಿಂದ ಬೆಂಗಳೂರಿನ ವಿಧಾನಸೌಧವು ಸಾರ್ವಜನಿಕರ ದರ್ಶನಕ್ಕೆ ತೆರೆಯಿತು. ಆದಿತ್ಯವಾರಗಳಲ್ಲಿಯೂ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳಲ್ಲಿಯೂ ಮೂವತ್ತು ಮೂವತ್ತು ಮಂದಿಯ ತಂಡಗಳನ್ನು ಮಾರ್ಗದರ್ಶಕರು ಒಳಗೆ ಕರೆದೊಯ್ದು, ಸುಮಾರು ಒಂದೂವರೆ ಗಂಟೆಯ ಕಾಲ ತೋರಿಸಿ ವಿವರಿಸುವರೆಂದೂ, ದೊಡ್ಡವರಿಗೆ 50 ರೂಪಾಯಿ ಶುಲ್ಕ, ಮಕ್ಕಳಿಗೆ ಶುಲ್ಕವಿಲ್ಲವೆಂದೂ ಕರ್ನಾಟಕದ ಪ್ರವಾಸೋದ್ಯಮದವರು ಆಗ ಪ್ರಕಟಿಸಿದರು. ಈ ಸುದ್ದಿ ಬಂದಂದಿನಿಂದ ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಅಧ್ಯಾಪಕರ ಕೊಠಡಿಗಳಲ್ಲಿ ಪ್ರವಾಸದ ಮಾತು ಎದ್ದಾಗಲೆಲ್ಲ ಒಂದು ವಾದವೂ ಜೊತೆಗೆ ಏಳುತ್ತಲಿದೆ. ಆ ವಾದದಲ್ಲಿ ನಮ್ಮ ಪಾಲಿನ ಮಾತನ್ನು ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕೆಂದಿದ್ದೇವೆ.

ಇದಕ್ಕೆ ಮುಂಚೆ ನಮ್ಮ ಶಾಲೆಗಳ ಪಾಲಿಗೆ ವಿಧಾನಸೌಧವೆಂದರೆ ರಸ್ತೆಯ ಬದಿಯ ನೋಟವಾಗಿತ್ತು. ಶ್ರೀರಂಗಪಟ್ಟಣ, ಮೈಸೂರಿನ ಅರಮನೆ, ಕನ್ನಂಬಾಡಿ ಎಲ್ಲವನ್ನೂ ಮುಗಿಸಿ ಬೆಂಗಳೂರು ಸೇರುವಾಗ ಸಂಜೆ. ಬಸ್ಸು ನಿಲ್ಲಿಸುವುದಕ್ಕೆ ಜಾಗವಿಲ್ಲ. ಕಬ್ಬಿಣದ ಬೇಲಿಯ ಹೊರಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಅತ್ತ ಕಾಣುವ ಕೆಂಪು ಕಟ್ಟಡ ಉಚ್ಚ ನ್ಯಾಯಾಲಯ, ಇತ್ತ ಕಾಣುವ ಕಲ್ಲಿನ ಕಟ್ಟಡ ವಿಧಾನಸೌಧ ಎಂದು ಎರಡು ಮಾತು ಹೇಳಿ, ಒಂದು ಭಾವಚಿತ್ರ ತೆಗೆದರೆ ಪೌರನೀತಿಯ ಪಾಠ ಮುಗಿಯಿತು. ಹಿಂದಿನ ಸಾಲಿನ ಮಕ್ಕಳ ಕಣ್ಣು ಆ ಹೊತ್ತಿಗಾಗಲೆ ಐಸ್‌ಕ್ರೀಮಿನ ಗಾಡಿಯ ಮೇಲೆ. ಬೇಲಿಯ ಒಳಗೆ ಹೋಗುವ ದಾರಿ ಈಗ ಉಂಟು ಎಂಬುದು ಸಂತೋಷದ ವಿಷಯವೇ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಹೋದವನಿಗೆ ಏನು ಕಾಣಬೇಕೆಂಬುದು ತಾನಾಗಿ ತೀರ್ಮಾನವಾಗುವುದಿಲ್ಲ.

ವಾದದಲ್ಲಿ ಎರಡು ಪಕ್ಷಗಳಿವೆ. ಒಂದು ಪಕ್ಷದವರು ಭಕ್ತರು. ಕನ್ನಡಿಗನಾಗಿ ಹುಟ್ಟಿದವನು ಜನ್ಮದಲ್ಲಿ ಒಮ್ಮೆ ಆ ಮೆಟ್ಟಿಲನ್ನು ಮುಟ್ಟಿ ಬರಬೇಕು, ಧರ್ಮಸ್ಥಳಕ್ಕೆ ಹೋಗುವಂತೆ ಹೋಗಬೇಕು, ಪ್ರಶ್ನೆ ಕೇಳಬಾರದು ಎಂಬ ಭಾವ ಇವರದು. ಇನ್ನೊಂದು ಪಕ್ಷದವರು ವ್ಯವಹಾರಸ್ಥರು. ಕೇರಳದ ಪಠ್ಯ ಓದುವ, ಕೇರಳದ ಪರೀಕ್ಷೆ ಬರೆಯುವ, ನಾಳೆ ಕೇರಳದ ಲೋಕಸೇವಾ ಆಯೋಗಕ್ಕೆ ಅರ್ಜಿ ಹಾಕುವ ಮಕ್ಕಳಿಗೆ ಕರ್ನಾಟಕದ ಶಾಸನಸಭೆಯಲ್ಲೇನು ಕೆಲಸ, ಆ ಹಣದಲ್ಲಿ ವಂಡರ್‌ಲಾ ತೋರಿಸಿದರೆ ಮಕ್ಕಳಾದರೂ ಖುಷಿಪಟ್ಟಾವು ಎನ್ನುವವರು ಇವರು. ಇಬ್ಬರೂ ನಮ್ಮ ಸ್ನೇಹಿತರೇ. ಇಬ್ಬರ ಮಾತನ್ನೂ ನಾವು ಒಪ್ಪಲಾರೆವು.

ಮೊದಲು ಭಕ್ತರ ಮಾತು. ನಾಲ್ಕನೆಯ, ಐದನೆಯ ತರಗತಿಗಳಲ್ಲಿ ನಾವು ಹಲವು ಸಲ ಒಂದು ಪ್ರಶ್ನೆ ಹಾಕಿ ನೋಡಿದ್ದೇವೆ: ‘ಮಕ್ಕಳೇ, ನಾವು ಓಟು ಕೊಟ್ಟು ಆರಿಸಿದ ಶಾಸಕರು ಎಲ್ಲಿ ಕುಳಿತು ಮಾತಾಡುತ್ತಾರೆ?’ ಅರ್ಧಕ್ಕರ್ಧ ಮಕ್ಕಳ ಉತ್ತರ, ‘ಬೆಂಗಳೂರು, ವಿಧಾನಸೌಧ.’ ಮನೆಯಲ್ಲಿ ನೋಡುವ ಕನ್ನಡ ವಾರ್ತೆಯಲ್ಲಿ ದಿನಾಲೂ ಕಾಣುವ ಕಟ್ಟಡ ಅದು. ಮಗುವನ್ನು ದೂರಿ ಫಲವಿಲ್ಲ. ಈ ತಪ್ಪು ತಿಳುವಳಿಕೆಯನ್ನೇ ಹೊತ್ತುಕೊಂಡು ಹೋದ ಮಗುವಿಗೆ ಅಲ್ಲಿಯ ಭವ್ಯವಾದ ಮೆಟ್ಟಿಲು ತೋರಿಸಿ, ‘ನೋಡು, ಇದು ನಮ್ಮದು’ ಎಂದು ಕಣ್ಣಲ್ಲಿ ನೀರು ತಂದುಕೊಂಡು ಮರಳಿದರೆ ಆ ಮಗುವಿಗೆ ನಾವು ಸುಳ್ಳು ಕಲಿಸಿದಂತಾಯಿತು. ಮಂಜೇಶ್ವರದಿಂದಾಗಲಿ ಕಾಸರಗೋಡಿನಿಂದಾಗಲಿ ಆರಿಸಿ ಹೋದ ಪ್ರತಿನಿಧಿಯೊಬ್ಬನು ಆ ಸಭಾಂಗಣದಲ್ಲಿ ಸದಸ್ಯನೆಂದು ಒಂದು ದಿನ, ಒಂದು ಗಳಿಗೆ ಕುಳಿತದ್ದಿಲ್ಲ. 1956ರ ತನಕ ನಮ್ಮವರು ಮದರಾಸಿನ ಸಭೆಯಲ್ಲಿ ಕುಳಿತರು. ಅನಂತರ ತಿರುವನಂತಪುರದಲ್ಲಿ ಕುಳಿತರು. ಇದು ಕಹಿಯಾದ ಸಂಗತಿ ಎಂಬ ಕಾರಣಕ್ಕೆ ಮಕ್ಕಳಿಂದ ಮುಚ್ಚಿಡುವಂಥದ್ದಲ್ಲ.

ಇಲ್ಲಿ ಇಸವಿಗಳ ಕಡೆಗೆ ವಾಚಕರು ಸ್ವಲ್ಪ ಲಕ್ಷ್ಯ ಕೊಡಬೇಕು. ವಿಧಾನಸೌಧಕ್ಕೆ ಜವಾಹರಲಾಲ ನೆಹರೂ ಅವರು ಅಡಿಗಲ್ಲು ಇಟ್ಟುದು 1951ರ ಜುಲೈ 13ರಂದು, ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳಾಗಿದ್ದಾಗ. ಅದು ಅಂದಿನ ಮೈಸೂರು ಸಂಸ್ಥಾನಕ್ಕಾಗಿ ಎಣಿಸಿದ ಮನೆ. 1952ರಲ್ಲಿ ಬಂದ ಕೆಂಗಲ್ ಹನುಮಂತಯ್ಯನವರು ಆ ಎಣಿಕೆಯನ್ನು ಹಿಗ್ಗಿಸಿ, ದ್ರಾವಿಡ ಶಿಲ್ಪದ ಮಾದರಿಯಲ್ಲಿ ಈಗ ಕಾಣುವ ಆಕಾರಕ್ಕೆ ತಂದರು. ಹಳೆಯ ಮೈಸೂರಿನ ಅನೇಕ ಮುಖಂಡರು ಏಕೀಕರಣಕ್ಕೆ ಅಡ್ಡ ನಿಂತಾಗ ಇವರು ಏಕೀಕರಣದ ಪಕ್ಷವನ್ನು ಹಿಡಿದವರು ಎಂಬುದನ್ನೂ ಮರೆಯಲಾಗದು. ಕಟ್ಟಡ ಮುಗಿದುದು 1956ರಲ್ಲಿ. ಆ ವರ್ಷದ ಆಗಸ್ಟಿನಲ್ಲಿಯೇ ಹನುಮಂತಯ್ಯನವರು ಅಧಿಕಾರ ಕಳೆದುಕೊಂಡಿದ್ದರು. ನವೆಂಬರ 1ರಂದು ಮುಂಬಯಿ ಪ್ರಾಂತದಿಂದ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡಗಳು. ಹೈದರಾಬಾದಿನಿಂದ ಬೀದರ, ಗುಲಬರ್ಗ, ರಾಯಚೂರುಗಳು. ಮದರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ. ಜೊತೆಗೆ ಕೊಡಗು, ಇಷ್ಟೂ ಬಂದು ಆ ಹೊಸ ಮನೆಯನ್ನು ಸೇರಿದವು. ಸಣ್ಣ ಸಂಸಾರಕ್ಕೆಂದು ಕಟ್ಟಲು ತೊಡಗಿದ ಮನೆ ದೊಡ್ಡ ಕುಟುಂಬಕ್ಕೆ ಒದಗಿತು. ಅದೇ ನವೆಂಬರ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಮಾತ್ರ ಕೇರಳದ ಮಲಬಾರು ಜಿಲ್ಲೆಗೆ ಸಂದಿತು. ಹಾಗಾಗಿ ಆ ಸೌಧದ ಪ್ರಾಯವೂ ನಮ್ಮ ಅಗಲಿಕೆಯ ಪ್ರಾಯವೂ ಒಂದೇ. ಈ ಒಂದು ಸಂಗತಿಯನ್ನು ತಿಳಿದುಕೊಂಡು ಮೆಟ್ಟಿಲೇರಿದ ಮಗು ನೋಡುವ ವಿಧಾನಸೌಧ ಬೇರೆ, ತಿಳಿಯದೆ ಏರಿದ ಮಗು ನೋಡುವ ವಿಧಾನಸೌಧ ಬೇರೆ.

ಇನ್ನು ವ್ಯವಹಾರಸ್ಥರಿಗೆ ಉತ್ತರ. ಅವರ ವಾದದಲ್ಲಿ ತಥ್ಯವಿಲ್ಲದಿಲ್ಲ. ಅಲ್ಲಿ ಆಗುವ ಕಾನೂನು ನಮಗೆ ಅನ್ವಯಿಸುವುದಿಲ್ಲ, ಅಲ್ಲಿಯ ಆಯವ್ಯಯದಲ್ಲಿ ನಮ್ಮ ಶಾಲೆಯ ಮಾಡಿನ ಹಂಚಿಗೆ ಹಣವಿಲ್ಲ. ಆದರೆ ನಮ್ಮ ಮಕ್ಕಳು ದಿನನಿತ್ಯ ಕಾಣುವ ಕನ್ನಡ ಯಾವುದು ಎಂಬುದನ್ನು ಇವರು ಯೋಚಿಸಿದ್ದಾರೆಯೆ? ಅದು ಪಾಠಪುಸ್ತಕದ ಕನ್ನಡ, ಭಜನಾ ಮಂದಿರದ ಕನ್ನಡ, ಯಕ್ಷಗಾನದ ಕನ್ನಡ. ಕಚೇರಿಯ ಕಿಟಕಿಯ ಎದುರು, ಬಸ್ಸಿನ ಹಲಗೆಯ ಮೇಲೆ, ಆಸ್ಪತ್ರೆಯ ಚೀಟಿಯಲ್ಲಿ ಕನ್ನಡವನ್ನು ಅವರು ಕಾಣುವುದು ವರ್ಷದಿಂದ ವರ್ಷಕ್ಕೆ ಕಡಮೆ. ಹೀಗೆ ಬೆಳೆದ ಮಗುವಿಗೆ ಕನ್ನಡವೆಂದರೆ ಹಾಡುವುದಕ್ಕೂ ಅಳುವುದಕ್ಕೂ ಇರುವ ಭಾಷೆ, ಆಳುವುದಕ್ಕೆ ಬೇರೆ ಭಾಷೆ ಉಂಟು ಎಂದು ತೋರಿದರೆ ಆಶ್ಚರ್ಯವೇನು? ವಿಧಾನಸೌಧದಲ್ಲಿ ಮಸೂದೆ ಕನ್ನಡದಲ್ಲಿ ಮಂಡನೆಯಾಗುತ್ತದೆ, ಜಗಳ ಕನ್ನಡದಲ್ಲಿ ಆಗುತ್ತದೆ, ಕಡತದ ಮೇಲೆ ಅಪ್ಪಣೆ ಕನ್ನಡದಲ್ಲಿ ಬೀಳುತ್ತದೆ. ಕನ್ನಡವನ್ನು ಆಡಳಿತ ಭಾಷೆಯೆಂದು ಸಾರಿದ ಕಾನೂನು 1963ರಲ್ಲಿ ಆದುದು ಅಲ್ಲಿಯೇ. ಇಂಗ್ಲಿಷಿನ ಹಾವಳಿ ಅಲ್ಲಿಯೂ ಇಲ್ಲವೆಂದಲ್ಲ. ಅದು ಬೇರೆ ಲೇಖನಕ್ಕೆ ಆಗುವಷ್ಟು ಉಂಟು. ಆದರೂ ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕನ್ನಡದಲ್ಲಿ ಕೊರೆದುದನ್ನು ನಮ್ಮ ಮಗು ಯಾರ ಸಹಾಯವೂ ಇಲ್ಲದೆ ತಾನೇ ಓದುತ್ತದೆಯಲ್ಲ, ಆ ಓದಿಗೆ ಬೆಲೆಯಿಲ್ಲವೆ? (ದೇವರ ಕೆಲಸವೆಂದು ಬರೆದ ಮೇಲೂ ಕಡತಗಳು ದೇವರ ರಥದ ವೇಗದಲ್ಲಿಯೇ ಚಲಿಸುವುದೇಕೆ ಎಂದು ಕೇಳುವ ಚುರುಕಾದ ಹುಡುಗ ಪ್ರತಿ ತರಗತಿಯಲ್ಲಿಯೂ ಒಬ್ಬನಿರುತ್ತಾನೆ. ಅವನನ್ನು ಗದರಿಸಬಾರದು.)

ಮೂವತ್ತರ ತಂಡ ಎಂಬ ಏರ್ಪಾಡಿನ ಬಗೆಗೂ ಒಂದು ಮಾತು. ಓದಿದಾಗ ನಮಗೆ ನಗು ಬಂತು, ಆ ಮೇಲೆ ನಗು ನಿಂತಿತು. ನಮ್ಮ ಎಷ್ಟೋ ಕನ್ನಡ ಶಾಲೆಗಳಲ್ಲಿ ಒಂದು ತರಗತಿಗೆ ಮೂವತ್ತು ಮಕ್ಕಳನ್ನು ಕೂಡಿಸಬೇಕಾದರೆ ಎರಡು ತರಗತಿಗಳನ್ನು ಸೇರಿಸಬೇಕು.

ಟಿಕೇಟಿನ ವಿಷಯಕ್ಕೆ ಕೆಲವರು ಬಹಳ ಕೋಪಿಸಿಕೊಂಡಿದ್ದಾರೆ. ಪ್ರಜೆಗಳ ಮನೆಗೆ ಪ್ರಜೆಗಳೇ ದುಡ್ಡು ಕೊಟ್ಟು ಹೋಗುವುದೇ ಎಂಬುದು ಅವರ ಪ್ರಶ್ನೆ. ಕೇಳುವುದಕ್ಕೆ ಚೆನ್ನಾಗಿದೆ. ಮಕ್ಕಳಿಗೆ ಶುಲ್ಕವಿಲ್ಲದಿರುವಾಗ ಅಧ್ಯಾಪಕರ ಕಿಸೆಯ ಐವತ್ತು ರೂಪಾಯಿಗೆ ಇಷ್ಟು ಶಾಯಿ ಖರ್ಚು ಮಾಡುವ ಅಗತ್ಯ ನಮಗೆ ಕಾಣುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಆ ಒಂದೂವರೆ ಗಂಟೆಯಲ್ಲಿ ಸಿಗುವುದೇನು?

ಪ್ರವಾಸೋದ್ಯಮ ಎಂಬ ಶಬ್ದದಲ್ಲಿಯೇ ಉದ್ಯಮ ಸೇರಿಕೊಂಡಿದೆ. ಉದ್ಯಮಕ್ಕೆ ಬೇಕಾದುದು ನೋಟ; ಶಾಲೆಗೆ ಬೇಕಾದುದು ಪಾಠ. ನೋಟದ ಮಾರ್ಗದರ್ಶಕನು ಎತ್ತರ, ಅಗಲ, ಖರ್ಚು ಹೇಳಿ ಮುಂದಿನ ಕೋಣೆಗೆ ನಡೆಯುತ್ತಾನೆ. ಹಿಂದಿನಿಂದ ಇನ್ನೊಂದು ತಂಡ ಬರುತ್ತಿರುತ್ತದೆ, ಅವನ ತಪ್ಪಲ್ಲ. ಎತ್ತರ ಅಗಲಗಳನ್ನು ಹೇಳಬಾರದೆಂದು ನಮ್ಮ ಮತವಲ್ಲ. ಹೇಳುವ ರೀತಿಯೊಂದುಂಟು. ವಿಧಾನಸೌಧದ ಉದ್ದ 700 ಅಡಿ, ಅಗಲ 350 ಅಡಿ ಎಂದರೆ ಹತ್ತು ವರ್ಷದ ಮಗುವಿಗೆ ಏನೂ ಹೇಳಿದಂತಾಗಲಿಲ್ಲ. ನಮ್ಮ ತರಗತಿಯ ಕೋಣೆ ಇಪ್ಪತ್ತು ಅಡಿ ಉದ್ದ. ಅಂಥ ಮೂವತ್ತೈದು ಕೋಣೆಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಆ ಉದ್ದವಾದೀತು ಎಂದು ಹೊರಡುವ ಮುನ್ನವೇ ಶಾಲೆಯ ಅಂಗಳದಲ್ಲಿ ಹಗ್ಗ ಹಿಡಿದು ಅಳೆಯಿಸಿದರೆ, ನಮ್ಮ ಅಂಗಳ ಸಾಲದೆ ಗದ್ದೆಯ ಹುಣಿಯ ತನಕ ನಡೆಯಿಸಿದರೆ, ಆ ಮಗು ಬೆಂಗಳೂರಿಗೆ ಹೋಗುವಾಗ ಅರ್ಧ ಕಟ್ಟಡವನ್ನು ಕಾಲಿನಲ್ಲಿ ಹೊತ್ತುಕೊಂಡೇ ಹೋಗುತ್ತದೆ. ಮೂಡಣ ಮುಖದ 12 ಕಂಬಗಳು ಒಂದೊಂದೂ 40 ಅಡಿ ಎತ್ತರ: ಅದಕ್ಕೆ ನಮ್ಮ ಊರಿನ ಒಂದು ಒಳ್ಳೆಯ ಅಡಿಕೆ ಮರವನ್ನು ತೋರಿಸಿದರೆ ಸಾಕು. 45 ಮೆಟ್ಟಿಲುಗಳನ್ನು ಮಕ್ಕಳು ಎಣಿಸಿಕೊಂಡೇ ಹತ್ತಲಿ. ತಪ್ಪು ಎಣಿಸಿದವನು ಇಳಿದು ಪುನಃ ಹತ್ತಲಿ. ನಡುವಣ ಗುಮ್ಮಟದ ಅಡ್ಡಳತೆ 60 ಅಡಿ ಎಂಬುದರಿಂದ ಸುತ್ತಳತೆ ಕಂಡುಹಿಡಿಯುವ ಲೆಕ್ಕ ಏಳನೆಯ ತರಗತಿಯವರ ಪಾಲಿಗಿರಲಿ.

ಇದಕ್ಕಿಂತಲೂ ಮುಖ್ಯವಾದ ಪಾಠ ಕಲ್ಲಿನಲ್ಲಿದೆ. ಬೆಂಗಳೂರಿನ ಸುತ್ತಲಿನ ಬೂದು ಕಣಶಿಲೆ, ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಹಸುರುಗಪ್ಪು ಕಲ್ಲು, ಇವು ಆ ಕಟ್ಟಡದಲ್ಲಿವೆ. ಅವುಗಳನ್ನು ಕಡಿದವರು ಯಾರು? ಮುಖ್ಯ ಎಂಜಿನಿಯರರಾಗಿ ಬಿ. ಆರ್. ಮಾಣಿಕ್ಯಂ ಅವರ ಹೆಸರನ್ನು, ಮುಖ್ಯಮಂತ್ರಿಯಾಗಿ ಹನುಮಂತಯ್ಯನವರ ಹೆಸರನ್ನು ಎಲ್ಲರೂ ಹೇಳುತ್ತಾರೆ, ಹೇಳಬೇಕು. ಆದರೆ ಸುಮಾರು 5,000 ಕೂಲಿಯಾಳುಗಳು, ಸುಮಾರು 1,500 ಮಂದಿ ಕಲ್ಕುಟಿಗರು, ಗಾರೆಯವರು, ಮರಗೆಲಸದವರು ಅಲ್ಲಿ ದುಡಿದರು. ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ಕೈದಿಗಳ ದುಡಿಮೆಯೂ ಅದರಲ್ಲಿ ಸೇರಿದೆ. ಖರ್ಚಾದುದು ಸುಮಾರು 1 ಕೋಟಿ 84 ಲಕ್ಷ ರೂಪಾಯಿ. ಬಡ ನಾಡಿಗೆ ಇಷ್ಟು ದುಂದು ಏಕೆಂದು ಆ ಕಾಲದಲ್ಲಿಯೇ ದೊಡ್ಡ ಗುಲ್ಲೆದ್ದಿತ್ತು. ಮಂತ್ರಿಮಂಡಲ ಸೇರುವ ಕೋಣೆಯ ಗಂಧದ ಮರದ ಬಾಗಿಲನ್ನು ತೋರಿಸುವಾಗ ಆ ಗುಲ್ಲನ್ನೂ ಹೇಳಬೇಕು. ಕಾನೂನು ಮಾಡುವ ಮನೆಯನ್ನು ಕಾನೂನಿನ ಶಿಕ್ಷೆಗೆ ಒಳಗಾದವರೂ ಸೇರಿ ಕಟ್ಟಿದರು ಎಂಬ ವಿಚಾರವನ್ನು ಮಕ್ಕಳ ಮುಂದಿಟ್ಟು ಸುಮ್ಮನಾಗಿರಿ. ಅವರು ಕೇಳುವ ಪ್ರಶ್ನೆಗಳಿಂದ ಒಂದು ವಾರದ ತರಗತಿ ನಡೆಯುತ್ತದೆ. ಕಟ್ಟಡವನ್ನು ದೇವಾಲಯವೆಂದು ಹೊಗಳಿ ಕೈಮುಗಿಸಿದರೆ ಒಂದೇ ಒಂದು ಪ್ರಶ್ನೆಯೂ ಹುಟ್ಟುವುದಿಲ್ಲ.

ಇಷ್ಟಾದ ಮೇಲೆ ಬೆಂಗಳೂರಿನವರಲ್ಲಿ ನಮ್ಮ ಒಂದು ಬೇಡಿಕೆಯಿದೆ. ಆ ದರ್ಶನದ ವಿವರಣೆಯಲ್ಲಿ, 1956ರ ಮಾತು ಬರುವ ಜಾಗದಲ್ಲಿ, ಒಂದು ವಾಕ್ಯ ನಮಗೆ ಬೇಕು: ‘ಅಂದು ಈ ಮನೆಗೆ ಬರಬೇಕೆಂದು ಹೋರಾಡಿ ಬರಲಾಗದೆ ಹೋದ ಕನ್ನಡಿಗರು ಕಾಸರಗೋಡಿನಲ್ಲಿದ್ದಾರೆ.’ ಇಷ್ಟೇ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಕಡತದಲ್ಲಿಯೇ ಉಳಿಯಿತು. ಮಹಾಜನ ವರದಿಯೇ ಅಂತಿಮವೆಂಬ ಘೋಷಣೆ ಆ ಸೌಧದೊಳಗೆ ಅನೇಕ ಸಲ ಕೇಳಿಸಿದೆ; ಕೇಳಿಸಿದಾಗಲೆಲ್ಲ ಬೆಳಗಾವಿಯ ನೆನಪು ಬಂದಷ್ಟು ಬೇಗ ಕಾಸರಗೋಡಿನ ನೆನಪು ಬಂದಿಲ್ಲವೆಂದು ನಾವು ಹೇಳಿದರೆ ಯಾರೂ ಬೇಸರಿಸಬೇಕಾಗಿಲ್ಲ. ಗಡಿಯ ಆ ತುದಿಗೆ ಒಂದು ಸುವರ್ಣ ವಿಧಾನಸೌಧವನ್ನೇ ಕಟ್ಟಿ 2012ರಲ್ಲಿ ಉದ್ಘಾಟಿಸಿದರು. ಈ ತುದಿಯವರಾದ ನಾವು ಕೇಳುವುದು ಕಟ್ಟಡವನ್ನಲ್ಲ, ವಾಕ್ಯವನ್ನು. ಗೋವಿಂದ ಪೈಗಳ ಊರಿನಿಂದ, ಕಯ್ಯಾರ ಕಿಞ್ಞಣ್ಣ ರೈಗಳ ಊರಿನಿಂದ ಹೋದ ಮಗು ಅಲ್ಲಿ ನಿಂತು ತನ್ನ ಊರಿನ ಹೆಸರು ಕೇಳದೆ ಬರಬಾರದು.

ಆದರೆ ಈ ಲೇಖನದ ಮುಖ್ಯ ಜಗಳ ಬೆಂಗಳೂರಿನೊಡನೆ ಅಲ್ಲ. ನಮ್ಮ ಮಕ್ಕಳ ಪಾಲಿಗೆ ಕಾನೂನು ಆಗುವ ಮನೆ ತಿರುವನಂತಪುರದಲ್ಲಿದೆ. 1957ರಲ್ಲಿ ಕೇರಳದ ಮೊದಲನೆಯ ವಿಧಾನಸಭೆ ಸೇರಿದುದು ಅಲ್ಲಿಯ ಸೆಕ್ರೆಟೇರಿಯೆಟ್ ಆವರಣದ ಹಳೆಯ ಸಭಾಂಗಣದಲ್ಲಿ. ಈಗಿನ ದೊಡ್ಡ ನಿಯಮಸಭಾ ಮಂದಿರವನ್ನು 1998ರ ಮೇ 22ರಂದು ರಾಷ್ಟ್ರಪತಿ ಕೆ. ಆರ್. ನಾರಾಯಣನ್ ಅವರು ಉದ್ಘಾಟಿಸಿದರು. ನಮ್ಮ ಕನ್ನಡ ಶಾಲೆಗಳಲ್ಲಿ ಬೆಂಗಳೂರಿನ ಸೌಧವನ್ನು ಬೇಲಿಯ ಹೊರಗಿನಿಂದಾದರೂ ಕಂಡ ಮಕ್ಕಳು ಬಹಳ. ಈ ಮಂದಿರವನ್ನು ಕಂಡವರು ಎಷ್ಟು? ದೂರ ನಿಜ. ನಾವು ರಾಜ್ಯದ ಬಡಗಣ ತುದಿ, ಅದು ತೆಂಕಣ ತುದಿ; ರೈಲಿನಲ್ಲಿ ಒಂದು ರಾತ್ರಿ ಬೇಕು. ಆದರೆ ಕಾರಣ ದೂರವೊಂದೇ ಅಲ್ಲ.

ಕೆಲವು ವರ್ಷಗಳ ಹಿಂದೆ ನಾವು ಐದನೆಯ ತರಗತಿಯ ಮಕ್ಕಳನ್ನು ದಕ್ಷಿಣದ ಒಂದು ಪಟ್ಟಣದ ಹೆಸರಾಂತ ಸಾರ್ವಜನಿಕ ಕಟ್ಟಡವೊಂದಕ್ಕೆ ಕರೆದೊಯ್ದಿದ್ದೆವು. ವಿವರಿಸಲು ಬಂದವರು ಸೌಜನ್ಯವಂತರು, ತಮ್ಮ ವಿಷಯ ಬಲ್ಲವರು. ಅವರ ಮಲಯಾಳ ಮಾತ್ರ ಹೊಳೆಯ ನೀರಿನಂತೆ ಓಡುತ್ತಿತ್ತು. ಪೇಟೆಯ ಮಕ್ಕಳಿಗೆ ಅಷ್ಟಿಷ್ಟು ತಿಳಿಯಿತು. ಎಣ್ಮಕಜೆ, ಪೈವಳಿಕೆ, ವರ್ಕಾಡಿ ಕಡೆಯ ಮನೆಗಳಲ್ಲಿ ತುಳುವೂ ಶಾಲೆಯಲ್ಲಿ ಕನ್ನಡವೂ ಆಡಿ ಬೆಳೆದ ಮಕ್ಕಳು ಮಾಡಿನ ಕೆತ್ತನೆಯನ್ನು ನೋಡುತ್ತಾ ನಿಂತರು. ನಾವು ಹಿಂದಿನಿಂದ ಮೆಲ್ಲನೆ ಕನ್ನಡದಲ್ಲಿ ಹೇಳತೊಡಗಿದಾಗ, ಉಳಿದವರಿಗೆ ಕೇಳಿಸುವುದಿಲ್ಲ, ದಯವಿಟ್ಟು ಮಾತಾಡಬಾರದು ಎಂದು ಅಪ್ಪಣೆಯಾಯಿತು. ಸುಮ್ಮನಾದೆವು. ಹೊರಗೆ ಬರುವಾಗ ಒಬ್ಬಳು ಹುಡುಗಿ ಕೈ ಹಿಡಿದು ಕೇಳಿದಳು: ‘ಸರ್, ಇಂಥ ಜಾಗದಲ್ಲೆಲ್ಲ ಕನ್ನಡ ಮಾತಾಡ್ಲಿಕ್ಕೆ ಇಲ್ವಾ?’

ಇಂಥ ಪ್ರಶ್ನೆಗೆ ಕೊಡಬೇಕಾದ ಉತ್ತರ ಇತಿಹಾಸದಲ್ಲಿ ಉಂಟು, ಅದನ್ನು ನಾವು ಮಕ್ಕಳಿಗೆ ಕಲಿಸುತ್ತಿಲ್ಲ. 1957ರ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಸ್ವತಂತ್ರರಾಗಿ, ಎದುರಾಳಿಯೇ ಇಲ್ಲದೆ, ಕೇರಳದ ಮೊದಲ ವಿಧಾನಸಭೆಗೆ ಆರಿಸಿ ಹೋದರು. ಅವರ ಅನಂತರ ಕೆ. ಮಹಾಬಲ ಭಂಡಾರಿಯವರು 1960ರಲ್ಲಿಯೂ 1965ರಲ್ಲಿಯೂ 1967ರಲ್ಲಿಯೂ ಗೆದ್ದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂಬ ಮಾತನ್ನೇ ಮತದಾರರ ಮುಂದಿಟ್ಟು ಗೆದ್ದು, ಆ ಮಾತನ್ನು ಹೇಳುವುದಕ್ಕಾಗಿ ಕೇರಳದ ಸಭೆಯ ಒಳಗೆ ಹೋಗಿ ಕುಳಿತವರು ಇವರು. ಪ್ರಜಾಪ್ರಭುತ್ವದ ಪಾಠ ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕದಲ್ಲಿ ಸಿಕ್ಕೀತು? 2021ರ ಮೇ ತಿಂಗಳಿನಲ್ಲಿ ಮಂಜೇಶ್ವರದ ಶಾಸಕರಾಗಿ ಆಯ್ಕೆಯಾದ ಎ. ಕೆ. ಎಂ. ಅಶ್ರಫ್ ಅವರು ಆ ಸಭೆಯಲ್ಲಿ ಪ್ರಮಾಣವಚನವನ್ನು ಸ್ವೀಕರಿಸಿದುದು ಕನ್ನಡದಲ್ಲಿ. ಶಾಸಕನ ಪ್ರಮಾಣ ಕನ್ನಡದಲ್ಲಿ ಆಗಬಹುದಾದ ಮನೆಯಲ್ಲಿ, ಆ ಶಾಸಕನನ್ನು ಆರಿಸಿದವರ ಮಕ್ಕಳಿಗೆ ಅರ್ಧ ಗಂಟೆಯ ವಿವರಣೆ ಕನ್ನಡದಲ್ಲಿ ಆಗಬಾರದೆಂದು ಯಾರು ಹೇಳಿಯಾರು?

ಹೊರಗಿನ ಲೋಕವನ್ನು ನೋಡಿದರೆ ಇದು ಅತಿಯಾಸೆಯಲ್ಲವೆಂಬುದು ತಿಳಿಯುತ್ತದೆ. ಬ್ರಸೆಲ್ಸ್ ನಗರದಲ್ಲಿರುವ ಯುರೋಪಿಯನ್ ಪಾರ್ಲಿಮೆಂಟಿನ ಸಂದರ್ಶಕರ ಮಂದಿರದಲ್ಲಿ ವಿವರಣೆ 24 ಭಾಷೆಗಳಲ್ಲಿ ಸಿಗುತ್ತದೆ. ಮಾಲ್ಟಾದಂಥ ಪುಟ್ಟ ದ್ವೀಪದ ಮಗುವೂ ಅಲ್ಲಿ ತನ್ನ ನುಡಿಯಲ್ಲಿಯೇ ಕೇಳಿ ತಿಳಿಯಬಹುದು. ಅವರು ಇಪ್ಪತ್ತನಾಲ್ಕಕ್ಕೆ ವ್ಯವಸ್ಥೆ ಮಾಡಿರುವಾಗ ನಾವು ಕೇಳುವುದು ಮಲಯಾಳದ ಜೊತೆಗೆ ಎರಡನ್ನು: ಕಾಸರಗೋಡಿನವರಿಗೆ ಕನ್ನಡ, ಇಡುಕ್ಕಿ ಪಾಲಕ್ಕಾಡುಗಳ ಕಡೆಯವರಿಗೆ ತಮಿಳು. ಹಣದ ಕೊರತೆ ಎಂದರೆ ಒಂದು ಅಚ್ಚಾದ ಕರಪತ್ರ ಸಾಕು. ಅದನ್ನು ಬರೆದುಕೊಡಲು ಈ ಜಿಲ್ಲೆಯಲ್ಲಿ ಬೇಕಾದಷ್ಟು ಅಧ್ಯಾಪಕರಿದ್ದಾರೆ, ಸಂಭಾವನೆಯನ್ನೂ ಕೇಳುವವರಲ್ಲ.

ಈ ಬೇಡಿಕೆಗೆ ಈಗಲೇ ಏಕೆ ಅವಸರವೆಂದು ಕೇಳಬಹುದು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆಂಬ 350ಎ ವಿಧಿ ಸಂವಿಧಾನಕ್ಕೆ ಸೇರಿದುದು 1956ರಲ್ಲಿ, ರಾಜ್ಯಗಳನ್ನು ಬೇರೆಮಾಡಿದ ಆ ವರ್ಷವೇ. ಶಾಲೆಗಳಲ್ಲಿ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಕಾನೂನು ತಿರುವನಂತಪುರದಲ್ಲಿ ಆದುದು 2017ರಲ್ಲಿ. ಆಗ ಕಾಸರಗೋಡಿನ ಬೀದಿಗಳಲ್ಲಿ ಕನ್ನಡಿಗರು ಸಾಲುಗಟ್ಟಿ ಪ್ರತಿಭಟಿಸಿದರು. 2025ರ ಅಕ್ಟೋಬರಿನಲ್ಲಿ ಅದೇ ಸಭೆ ಇನ್ನೊಂದು ಮಲಯಾಳ ಭಾಷಾ ಮಸೂದೆಯನ್ನು ಅಂಗೀಕರಿಸಿತು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಅದರಲ್ಲಿ ಕಲಮು ಉಂಟೆಂದು ಸರಕಾರ ಹೇಳಿತು, ಸಾಲದೆಂದು ಕರ್ನಾಟಕದಿಂದಲೂ ನಮ್ಮಲ್ಲಿಂದಲೂ ಆಕ್ಷೇಪಗಳು ಹೋದವು. ಮಲಯಾಳ ಕಲಿಯುವುದಕ್ಕೆ ನಮ್ಮ ಮಕ್ಕಳು ಹಿಂಜರಿಯುವವರಲ್ಲ. ನಾಲ್ಕು ಭಾಷೆಗಳ ನಡುವೆ ಬೆಳೆದ ಮಕ್ಕಳಿಗೆ ಐದನೆಯದೇನು ಹೊರೆಯಲ್ಲ. ತಮ್ಮದನ್ನು ಬಿಟ್ಟು ಕಲಿಯಬೇಕೆಂಬುದಕ್ಕೆ ಮಾತ್ರ ನಮ್ಮ ವಿರೋಧ. ನಮ್ಮ ತರಗತಿಯ ಭಾಷೆಯ ಹಣೆಬರಹವನ್ನು ಬರೆಯುವ ಮನೆ ಎಲ್ಲಿದೆ, ಅಲ್ಲಿ ಮಸೂದೆ ಹೇಗೆ ಕಾನೂನಾಗುತ್ತದೆ, 140 ಮಂದಿಯ ಆ ಸಭೆಯಲ್ಲಿ ನಮ್ಮ ಜಿಲ್ಲೆಯವರು ಐದೇ ಮಂದಿ ಎಂದರೆ ಏನರ್ಥ, ಐದು ಮಂದಿಯ ಮಾತನ್ನು ಉಳಿದವರು ಕೇಳುವಂತೆ ಮಾಡುವ ದಾರಿ ಯಾವುದು, ಇವುಗಳನ್ನು ತಿಳಿಯದ ಮಗು ನಾಳೆ ಬೀದಿಯಲ್ಲಿ ಘೋಷಣೆ ಕೂಗಲು ಕಲಿತೀತು, ಅರ್ಜಿ ಬರೆಯಲು ಕಲಿಯದು.

ವಿದ್ಯಾರ್ಥಿ ಬಂಧುಗಳಿಗೆ ಒಂದೆರಡು ಮಾತು. ನಿಮ್ಮನ್ನು ಈ ವರ್ಷ ಬೆಂಗಳೂರಿಗೆ ಕರೆದೊಯ್ದರೆ ಸಂತೋಷದಿಂದ ಹೋಗಿರಿ. ಭಾವಚಿತ್ರ ತೆಗೆಯುವುದಕ್ಕೆ ಮುಂಚೆ ಮಾರ್ಗದರ್ಶಕರನ್ನು ಕೇಳಿರಿ: ಈ ಮನೆ ಎಷ್ಟು ಜನರಿಗಾಗಿ ಎಣಿಸಿದ್ದು, ಇಲ್ಲಿ ಈಗ ಎಷ್ಟು ಜನ ಕುಳಿತುಕೊಳ್ಳುತ್ತಾರೆ, ಕಲ್ಲು ಕಡಿದವರ ಹೆಸರು ಎಲ್ಲಿಯಾದರೂ ಬರೆದಿದೆಯೆ? ಅವರಿಗೆ ಗೊತ್ತಿಲ್ಲದಿದ್ದರೆ ನಾಚಬೇಕಾದವರು ನೀವಲ್ಲ. ನಾವು ಕಾಸರಗೋಡಿನವರು ಎಂದು ಕನ್ನಡದಲ್ಲಿ, ನಮ್ಮ ಕನ್ನಡದಲ್ಲಿಯೇ ಹೇಳಿರಿ. ಮಂಗಳೂರಿನವರೇ ಎಂದು ಅವರು ತಿರುಗಿ ಕೇಳುವುದು ಬಹುಮಟ್ಟಿಗೆ ಖಂಡಿತ. ಅಲ್ಲವೆಂದು ಹೇಳಿ, ಎಲ್ಲಿಯವರೆಂಬುದನ್ನು ವಿವರಿಸಿರಿ. ಆ ಎರಡು ನಿಮಿಷ ನೀವೇ ಅವರಿಗೆ ಮಾರ್ಗದರ್ಶಕರು. ತಿರುವನಂತಪುರಕ್ಕೆ ಹೋದರೂ ಹೀಗೆಯೇ. ಉಮೇಶ ರಾಯರು ಸೇರಿದ ಮೊದಲ ಸಭೆ ಕುಳಿತ ಸಭಾಂಗಣ ಯಾವುದು, ತೋರಿಸಿರೆಂದು ಕೇಳಿರಿ.

ಅಧ್ಯಾಪಕ ಮಿತ್ರರಿಗೆ ನಮ್ಮ ಸೂಚನೆ ಇಷ್ಟು. ಬೆಂಗಳೂರು ಒಂದು ವರ್ಷ, ತಿರುವನಂತಪುರ ಇನ್ನೊಂದು ವರ್ಷ ಎಂದು ಪ್ರವಾಸವನ್ನು ಹಂಚಿಕೊಳ್ಳೋಣ. ಪ್ರವಾಸಕ್ಕೆ ಮೊದಲು ಮೂರು ಪಾಠ, ಬಂದ ಮೇಲೆ ಎರಡು ಪಾಠ ಇಲ್ಲದೆ ಬಸ್ಸು ಹೊರಡಿಸಬಾರದು. ಹಾಗೂ, ನಿಯಮಸಭೆಯನ್ನು ನೋಡಲು ಬರುವ ಕನ್ನಡ ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ವಿವರಿಸುವ ಏರ್ಪಾಡು ಬೇಕೆಂದು ಪ್ರತಿಯೊಂದು ಶಾಲೆಯಿಂದಲೂ ಸಾರ್ವಜನಿಕ ವಿದ್ಯಾಭ್ಯಾಸ ಇಲಾಖೆಯ ಮುಖ್ಯಸ್ಥರಿಗೆ ಒಂದೊಂದು ಪತ್ರ ಹೋಗಲಿ. ನಿಯಮಸಭೆಯ ಕಾರ್ಯಾಲಯಕ್ಕೆ ಅದರ ಪ್ರತಿಯೊಂದು ಹೋಗಲಿ. ಪತ್ರವನ್ನು ಏಳನೆಯ ತರಗತಿಯ ಮಕ್ಕಳೇ ಬರೆಯಲಿ, ಒತ್ತಕ್ಷರದ ತಪ್ಪುಗಳನ್ನು ಮಾತ್ರ ನಾವು ತಿದ್ದೋಣ. ಕನ್ನಡದಲ್ಲಿಯೇ ಬರೆಯಲಿ. ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದೆಂದೂ, ಉತ್ತರವನ್ನೂ ಆ ಭಾಷೆಯಲ್ಲಿಯೇ ಕೊಡತಕ್ಕದ್ದೆಂದೂ 1969ರ ಕೇರಳದ ಆಡಳಿತ ಭಾಷಾ ಕಾನೂನಿನಲ್ಲಿಯೇ ಬರೆದಿದ್ದರು. ಪತ್ರದ ಮೊದಲನೆಯ ಸಾಲಿನಲ್ಲಿ ಅದನ್ನು ಕಾಣಿಸಿದರೆ ಒಳ್ಳೆಯದು. ಬಂದ ಉತ್ತರಗಳನ್ನು, ಅವು ಯಾವ ಭಾಷೆಯಲ್ಲಿ ಬಂದರೂ, ಈ ಪತ್ರಿಕೆಯ ಸಂಪಾದಕರಿಗೆ ಕಳುಹಿಸಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಹಾಗೆಯೇ ಪ್ರಕಟಿಸಬಹುದು. ಬಾರದಿದ್ದರೆ ಪತ್ರ ಕಳುಹಿಸಿದ ಶಾಲೆಗಳ ಹೆಸರುಗಳನ್ನೂ ತಾರೀಕುಗಳನ್ನೂ ಪ್ರಕಟಿಸಬಹುದು.